ಪುಟ ಪುಟ ಓದಿಸುತ್ತಿದ್ದ ಮಿಸೆಸ್ ಹಾನ್

ಇವತ್ತು ಮಾಡಿದ ಕೆಲಸ: ಅತ್ತೆಗೆ ಶುಂಠಿ ಕಷಾಯ, ಮಗಳು ನಿಧಿಗೆ ಡಬ್ಬಿ, ಎರಡು ಸಲ ಬಟ್ಟೆ ಒಗೆತ, ಅತ್ತೆಯ ಮಂಡಿಗೆ ಎಣ್ಣೆ, ನಾಳೆಯ ದೋಸೆಗೆ ನೆನೆಹಾಕಿದ್ದು, ಸಿಯಾಟಲ್ ಪಕ್ಕದ ಬೆಲ್ವ್ಯೂನ ಕೊರಿಯನ್ ಅಂಗಡಿಗೆ ಹೋಗಿ ಅಕ್ಕಿ ತಂದದ್ದು. ಅಂಗಡಿಯಲ್ಲಿ ಮಿಸೆಸ್ ಹಾನ್ ಸಿಕ್ಕರು. ಏಳು ತಿಂಗಳಿಂದ ಯಾರು ಎದುರಾಗದೆ ಇದ್ದರೆ ಸಾಕು ಅಂದುಕೊಂಡಿದ್ದೆನೋ ಅವರೇ.

ಹಾನ್ ಮನೆ ಕೊಳ್ಳುವವರ ಪರ ನಿಲ್ಲುವ ಏಜೆಂಟ್. ಮನೆ ನೋಡಲು ಹೋದಾಗ ಬೇರೆಯವರು ಅಡುಗೆಕಟ್ಟೆಯ ಕಲ್ಲು ಸವರಿ ನೋಡಿದರೆ, ಇವರು ಗೋಡೆಬೀರು ತೆರೆದು ತಲೆಯನ್ನೇ ಒಳಗೆ ತೂರಿಸಿ ಮೂಸುತ್ತಿದ್ದರು. ಆಮೇಲೆ ಮಂಡಿಯೂರಿ, ಗೋಡೆಯಂಚಿನ ಕಾರ್ಪೆಟ್ಟಿನ ಮೇಲೆ ಅಂಗೈ ಒತ್ತಿ ಕಣ್ಣು ಮುಚ್ಚುತ್ತಿದ್ದರು. ಅರವತ್ತರ ಸುಮಾರಿನ ಗಿಡ್ಡ ಹೆಂಗಸು. ಕಾರಿನ ಡಿಕ್ಕಿಯಲ್ಲಿ ನಮಗೆಲ್ಲ ಅಳತೆಗೆ ಸರಿಯಾಗಿ ಒಂದೊಂದು ಜೊತೆ ಬಟ್ಟೆಯ ಚಪ್ಪಲಿ ಇಟ್ಟಿರುತ್ತಿದ್ದರು. ಬೇರೆಯವರ ಮನೆಯೊಳಗೆ ಶೂ ಹಾಕಿಕೊಂಡು ಹೋಗುವಂತಿರಲಿಲ್ಲ.

ಮೊದಲು ಅವರನ್ನು ನೋಡಿದ್ದು ನಾವು ಬಾಡಿಗೆಗಿದ್ದ ಟೋಟೆಮ್ ಲೇಕ್‌ನ ಅಪಾರ್ಟ್‌ಮೆಂಟಿನಲ್ಲಿ, ಎದುರು ಬಾಗಿಲಿನ ಕೊರಿಯನ್ ಅಜ್ಜಿಯ ಮನೆಯಲ್ಲಿ. ಅಜ್ಜಿಯ ಮಗ ಮನೆ ಕೊಳ್ಳುತ್ತಿದ್ದ. ಹಾನ್ ಅಜ್ಜಿಯ ಪಕ್ಕ ಕೂತು, ಇಂಗ್ಲಿಷ್ ಕಾಗದಗಳ ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಕೊರಿಯನ್‌ನಲ್ಲಿ ಬಿಡಿಸಿ ಹೇಳುತ್ತಿದ್ದರು. ಒಂದು ಪುಟ ಮುಗಿದರೆ ಅಜ್ಜಿ ಅದನ್ನು ತಿರುಗಿ ಒಪ್ಪಿಸಬೇಕು. ತಪ್ಪಿದರೆ ಮತ್ತೆ ಮೊದಲಿಂದ. ಮಗ ಎರಡು ಸಲ ಗಡಿಯಾರ ನೋಡಿದ; ಹಾನ್ ಅವನ ಕೈಗೆ ಸೇಬು, ಚಾಕು ಕೊಟ್ಟು ಸಿಪ್ಪೆ ತೆಗೆಯಲು ಕೂರಿಸಿದರು. ನನಗೆ ಒಂದು ಮಾತೂ ಅರ್ಥವಾಗಲಿಲ್ಲ. ಆದರೂ ನಮಗೆ ಮನೆ ಹುಡುಕಿಕೊಡಲು ಇವರೇ ಬೇಕು ಅಂತ ಆವತ್ತೇ ನಿರ್ಧರಿಸಿದೆ.

ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ತೂಕದವು, ಹಾಗಾಗಿ ಚೆನ್ನಾಗಿ ಹೊಂದಿಕೊಂಡವು. ಅವರು ಆಡಿದ್ದನ್ನು ನನ್ನ ಕಿವಿಗೆ ಕೇಳಿದ ಹಾಗೆ ಕನ್ನಡದಲ್ಲೇ ಬರೆಯುತ್ತೇನೆ. ನನ್ನನ್ನು ಎಂದೂ ಹೆಸರು ಹಿಡಿದು ಕರೆಯಲಿಲ್ಲ. ಅವರ ಕಡೆಯ ರೂಢಿಯಂತೆ 'ನಿಧಿ ಅಮ್ಮ'. ಅತ್ತೆಯನ್ನು 'ಓಮೊನಿ' ಅನ್ನುತ್ತಿದ್ದರು, ಅಂದರೆ ತಾಯಿ.

"ನಂಗೆ ನಿಮ್ಮ ಭಾಷೆ ಬರಲ್ಲ, ನಿಧಿ ಅಮ್ಮ. ಓಮೊನಿಗೆ ನೀನೇ ಓದಿ ಹೇಳ್ಬೇಕು. ಮನೇಲಿ ಹಗಲೆಲ್ಲಾ ಇರೋರು ಅವರು."

ನೋಡಿ ಬಂದ ಮನೆಯೊಂದರ ಕಾಗದಗಳಲ್ಲಿ ಮೊದಲ ಪುಟವನ್ನು ನಾನು ಎರಡು ವಾಕ್ಯದಲ್ಲಿ ಮುಗಿಸಿದೆ. ಹಾನ್ ಕನ್ನಡಕದ ಮೇಲಿಂದ ನೋಡಿದರು. "ಅಲ್ಲಿ ಅಷ್ಟುದ್ದ ಬರೆದಿದೆ. ನೀನು ಇಷ್ಟೇ ಹೇಳ್ದೆ. ಮಿಕ್ಕಿದ್ದು ತಿಂದ್ಯಾ?"

ಅತ್ತೆ ನಕ್ಕರು. "ಇವಳು ಮೇಷ್ಟ್ರಾಗಬೇಕಿತ್ತು ಕಣೇ."

ಮಾರುವವರು ತಮ್ಮ ಮನೆಯ ಬಗ್ಗೆ ಬರೆದುಕೊಡುವ ಪತ್ರ ಒಂದಿದೆ. ನೀರು ನುಗ್ಗಿದೆಯೇ, ಚಾವಣಿ ಸೋರಿದೆಯೇ ಎಂಬ ಪ್ರಶ್ನೆಗಳಿಗೆ ಹೌದು, ಇಲ್ಲ, ಗೊತ್ತಿಲ್ಲ ಎಂದು ಗುರುತು ಹಾಕಿರುತ್ತಾರೆ. 'ಗೊತ್ತಿಲ್ಲ' ಬಂದ ಕಡೆಯೆಲ್ಲ ಹಾನ್ ಪೆನ್ಸಿಲ್‌ನಿಂದ ಸುತ್ತು ಹಾಕುತ್ತಿದ್ದರು. "ಗೊತ್ತಿಲ್ಲ ಅಂತ ಬರೆದೋನಿಗೆ ಗೊತ್ತಿರುತ್ತೆ. ಇಲ್ಲಿ ನಿಂತು ನೋಡು."

ನಮಗೆ ಬೇಕಿದ್ದದ್ದು ಒಂದೇ: ಮೆಟ್ಟಿಲು ಹತ್ತಲಾಗದ, ಉಬ್ಬಸದ ಅತ್ತೆಗೆ ನೆಲಮಟ್ಟದಲ್ಲಿ ಒಂದು ಬೆಚ್ಚಗಿನ ಕೋಣೆ. ಆ ಕೋಣೆಗಾಗಿಯೇ ಹಾನ್ ಹನ್ನೊಂದು ಮನೆಗಳನ್ನು ಬೇಡವೆಂದರು. ನಮ್ಮವರ ತಾಳ್ಮೆ ಮುಗಿಯಿತು. "ಕೊಡಿಸೋಳೋ, ತಪ್ಪಿಸೋಳೋ ಈಕೆ? ಸ್ಕೂಲ್ ಶುರುವಾಗೋದ್ರೊಳಗೆ ಹೋಗ್ಬೇಕು ನಾವು."

ಹಾನ್ ನಮ್ಮ ಪರ ಕೆಲಸ ಮಾಡಲು ಬರೆದುಕೊಟ್ಟಿದ್ದ ಒಪ್ಪಂದ ಎರಡು ತಿಂಗಳಿನದು. ಅದು ಮುಗಿದ ದಿನ ಅವರೇ ಫೋನ್ ಮಾಡಿ, "ಈ ವಾರ ತೋರಿಸೋ ಮನೆ ಇಲ್ಲ. ಹೊಸ ಕಾಗದ ಮುಂದಿನ ವಾರ. ನೀವೆಲ್ಲಿ ಓಡಿಹೋಗ್ತೀರಾ?" ಎಂದು ನಕ್ಕರು.

ನಾವು ಆ ವಾರದಲ್ಲೇ ಓಡಿಹೋದೆವು. ನಮ್ಮವರ ಆಫೀಸಿನ ಗೆಳೆಯ ಮಂಜುನಾಥ ಬಿಡುವಿನಲ್ಲಿ ಏಜೆಂಟ್ ಕೆಲಸವನ್ನೂ ಮಾಡುತ್ತಿದ್ದ. ಇಳಿಜಾರಿನಲ್ಲಿರುವ ಈ ಮನೆ ತೋರಿಸಿದ. ಕೆಳಗಿನ ಅಂತಸ್ತಿನಲ್ಲಿ ಕೋಣೆ, ಬಚ್ಚಲು, ತೋಟಕ್ಕೆ ನೇರ ಬಾಗಿಲು. ಆಗಸ್ಟಿನ ಬಿಸಿಲು. ಆದರೂ ಗೋಡೆಬೀರು ತೆರೆದಾಗ ಮುಗ್ಗಲು ವಾಸನೆ ಬಂತು. ನನ್ನ ಮೂಗಿಗೆ ಬಂತು. ಹೇಳಿದೆ ಕೂಡ.

"ಅಯ್ಯೋ ಅತ್ತಿಗೆ, ಸಿಯಾಟಲ್‌ನಲ್ಲಿ ಯಾವ ಮನೆ ಘಮ್ಮಂತಿರುತ್ತೆ ಹೇಳಿ? ಇನ್‌ಸ್ಪೆಕ್ಷನ್ ಅಂತ ಕೂತ್ರೆ ಬೇರೆಯವ್ರು ಹೊಡ್ಕೊಂಡು ಹೋಗ್ತಾರೆ. ಎಲ್ಲಾ ಸ್ಟ್ಯಾಂಡರ್ಡ್ ಪೇಪರು. ಫೋನಲ್ಲಿ ಹಳದಿ ಗುರುತು ಬಂದಲ್ಲೆಲ್ಲಾ ಕ್ಲಿಕ್ ಮಾಡಿ, ಸಹಿ ಆಗುತ್ತೆ."

ಮಂಡಿಯೂರಿ ಅಂಗೈ ಒತ್ತಿ ನೋಡಬೇಕೆನಿಸಿತು. ಇಬ್ಬರು ಗಂಡಸರ ಮುಂದೆ ನಾಚಿಕೆಯಾಯಿತು. ನಮ್ಮವರು ಕ್ಲಿಕ್ ಮಾಡಿದರು, ನಾನೂ ಮಾಡಿದೆ. ಕನ್ನಡ ಬಲ್ಲ ಏಜೆಂಟ್ ಇದ್ದೂ ಅತ್ತೆಗೆ ಯಾರೂ ಒಂದು ಪುಟವನ್ನೂ ಓದಿ ಹೇಳಲಿಲ್ಲ. ವಾಸನೆಯ ಮಾತೆತ್ತದೆ, ಕೋಣೆ ಚೆನ್ನಾಗಿದೆ ಅಂತಷ್ಟೇ ನಾನು ಅವರಿಗೆ ಹೇಳಿದೆ.

ಮೂರನೆಯ ದಿನ ಹಾನ್ ಫೋನು. "ನಿಧಿ ಅಮ್ಮ, ಸಿಕ್ತು! ಓಮೊನಿಗೆ ಸರಿಯಾದ ಕೋಣೆ. ಮೂರು ಸಲ ಹೋಗಿ ಮೂಸಿ ಬಂದಿದೀನಿ."

ನಾವು ಬೇರೆಡೆ ಸಹಿ ಹಾಕಿದ್ದನ್ನು ಹೇಳಿದೆ. ಬಯ್ಯಲಿ ಎಂದು ಕಾದೆ.

"ಇನ್‌ಸ್ಪೆಕ್ಷನ್ ಮಾಡಿಸಿದ್ರಾ?"

"ಇಲ್ಲ."

"ಓಮೊನಿಗೆ ಯಾರು ಓದಿ ಹೇಳಿದ್ರು?"

ಅಷ್ಟು ಕೇಳಿ ಅವರು ಫೋನ್ ಇಟ್ಟರು. ನವೆಂಬರಿನಲ್ಲಿ ಕೆಳಗಿನ ಗೋಡೆಯಿಂದ ನೀರು ಬಂತು. ಅತ್ತೆಯ ಕೆಮ್ಮು ಎದೆಗಿಳಿಯಿತು. ನಮ್ಮವರೂ ನಾನೂ ಅವರನ್ನು ಕುರ್ಚಿಯಲ್ಲಿ ಕೂರಿಸಿ ಮೇಲಕ್ಕೆ ಹೊತ್ತು ತಂದೆವು. ಅಲ್ಲಿಂದೀಚೆಗೆ ಅವರು ತೋಟಕ್ಕೆ ಇಳಿದಿಲ್ಲ. ಮಂಜುನಾಥ ಈಗ ನಮ್ಮ ಫೋನ್ ಎತ್ತುವುದು ಕಡಿಮೆ.

ಇವತ್ತು ಅಂಗಡಿಯಲ್ಲಿ ಹಾನ್ ನನ್ನ ಎದುರಿಗೇ ನಿಂತರು. ತಲೆ ಬಾಗಿಸಿ, "ಓಮೊನಿ ಹೇಗಿದ್ದಾರೆ? ಕೋಣೆ ಹೇಗಿದೆ?" ಎಂದರು.

"ಚೆನ್ನಾಗಿದೆ," ಎಂದೆ.

ಅವರ ಕಣ್ಣು ನನ್ನ ಸಾಮಾನಿನ ಗಾಡಿಗೆ ಹೋಯಿತು. ಅಕ್ಕಿ ಮೂಟೆಯ ಪಕ್ಕದಲ್ಲಿ, ಬೀರುವಿನ ತೇವ ಹೀರಿಕೊಳ್ಳಲು ಇಡುವ ಪ್ಲಾಸ್ಟಿಕ್ ಡಬ್ಬಿಗಳು ಆರು. ಅವರು ಶೆಲ್ಫಿನಿಂದ ಇನ್ನೂ ನಾಲ್ಕು ತೆಗೆದು ನನ್ನ ಗಾಡಿಯಲ್ಲಿಟ್ಟರು.

"ಮೂಲೆಗಿಡು. ಮಧ್ಯದಲ್ಲಿ ಇಟ್ಟರೆ ಪ್ರಯೋಜನ ಇಲ್ಲ," ಎಂದು ಹೇಳಿ ತಮ್ಮ ಗಾಡಿ ತಳ್ಳಿಕೊಂಡು ಹೋದರು. ಕರೆಯಬೇಕು, ಕ್ಷಮಿಸಿ ಅನ್ನಬೇಕು ಅಂದುಕೊಂಡೆ. ಹಣ ಕೊಡುವ ಸಾಲು ಮುಂದೆ ಸರಿಯಿತು, ನಾನೂ ಸರಿದೆ.

ಸಂಜೆ ಊಟಕ್ಕೆ ಕೂತಾಗ ಹೇಳಿದೆ. ನಮ್ಮವರು ತಟ್ಟೆಯಿಂದ ತಲೆಯೆತ್ತಲಿಲ್ಲ. ಅತ್ತೆ ಮಾತ್ರ, "ನನ್ನ ಕೇಳಿದ್ಲಾ?" ಎಂದರು.

"ಕೇಳಿದ್ರು. ಕೋಣೆ ಚೆನ್ನಾಗಿದೆ ಅಂದೆ."

"ಅವಳ ಹತ್ರಾನೂ ಸುಳ್ಳೇ ಹೇಳಿದ್ಯಾ?"

ಅನ್ನ, ಮೆಣಸಿನ ಸಾರು, ಹೀರೆಕಾಯಿ ಪಲ್ಯ. ಅತ್ತೆ ಎರಡು ತುತ್ತು ಉಂಡು ಕೈ ತೊಳೆದರು. ಎಲ್ಲರಿಗಿಂತ ಮೊದಲು ಅವರೇ ಮಲಗಿದರು, ನಡುಮನೆಯ ಸೋಫಾದ ಮೇಲೆ, ನನ್ನ ಕಡೆ ಬೆನ್ನು ಹಾಕಿ.