ಚರ್ಮ ಹಿಗ್ಗಿಸುವ ಮಶೀನು

ತೊಡೆಯಿಂದ ತೆಗೆದ ತೆಳ್ಳನೆಯ ಚರ್ಮವನ್ನು ಉಪ್ಪುನೀರಿನ ಬಟ್ಟಲಿಗೆ ಬಿಟ್ಟರೆ ಅದು ಕೂಡಲೇ ಮುಳುಗುವುದಿಲ್ಲ. ಹಾಲಿನ ಕೆನೆಯ ಹಾಗೆ ಅಂಚನ್ನು ಒಳಕ್ಕೆ ಸುತ್ತಿಕೊಳ್ಳುತ್ತ, ಮತ್ತೆ ಬಿಚ್ಚಿಕೊಳ್ಳುತ್ತ ಸ್ವಲ್ಪ ಹೊತ್ತು ತೇಲುತ್ತದೆ. ನಮ್ಮ ಆಪರೇಷನ್ ಥಿಯೇಟರಿನ ಪೂರ್ವದ ಕಿಟಕಿಗೆ ಮಾಸಲು ಗಾಜಿತ್ತು. ಅದರಿಂದ ಸೋಸಿ ಬರುವ ಬೆಳಗಿನ ಬೆಳಕಿನಲ್ಲಿ ಆ ಬಟ್ಟಲನ್ನು ನೋಡುತ್ತ ನಾನು ಮೈಮರೆಯುತ್ತಿದ್ದೆ. ತುಸು ಹೊತ್ತಿನ ಹಿಂದೆ ಇದು ಒಬ್ಬರ ಮೈಯಾಗಿತ್ತು, ಇನ್ನು ತುಸು ಹೊತ್ತಿಗೆ ಮತ್ತೆ ಮೈಯಾಗುತ್ತದೆ, ಈ ನಡುವಿನ ಗಳಿಗೆಯಲ್ಲಿ ಇದು ಯಾರದು ಎಂದು ಯೋಚಿಸುತ್ತ ನಿಂತುಬಿಟ್ಟರೆ ಥಿಯೇಟರಿನ ಸಿಸ್ಟರ್ ಮೆಲ್ಲಗೆ ಹೇಳುತ್ತಿದ್ದರು, “ಡಾಕ್ಟರ್ ಬಾಯಾರ, ಗಾಯ ಕಾಯಾಕತ್ತೈತಿ.”

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಮುಂಬಯಿಯಲ್ಲಿ ಪ್ಲಾಸ್ಟಿಕ್ ಸರ್ಜರಿ ಕಲಿತು ಬೆಳಗಾವಿಗೆ ಮರಳಿದೆ. ರವಿವಾರ ಪೇಟೆಯ ಕಾಳಿನ ವ್ಯಾಪಾರಿಯ ಮಗಳು ಸರ್ಜನ್ ಆಗಿದ್ದೇ ಊರಿಗೆ ಸೋಜಿಗ. ಪ್ಲಾಸ್ಟಿಕ್ ಸರ್ಜನ್ ಅಂದರೇನು ಎಂಬುದಂತೂ ನಮ್ಮ ತಂದೆಗೂ ಕೊನೆಯತನಕ ಪೂರ್ತಿ ತಿಳಿದಿರಲಿಲ್ಲ. ಆಸ್ಪತ್ರೆಯಲ್ಲಿ ನನಗೆ ಸಿಕ್ಕಿದ್ದು ಸುಟ್ಟಗಾಯದವರ ವಾರ್ಡು. ಉದ್ದನೆಯ ಪಡಸಾಲೆಯ ತುದಿಯಲ್ಲಿ, ಹನ್ನೆರಡು ಮಂಚ, ಹನ್ನೆರಡು ಸೊಳ್ಳೆಪರದೆ. ಚಳಿಗಾಲದ ಮುಂಜಾನೆ ಹೊರಗೆ ಮಂಜು, ಒಳಗೆ ಬಿಳಿ ಪರದೆಗಳು. ರೌಂಡ್ಸಿಗೆ ಹೋದರೆ ಮೋಡದೊಳಗೆ ನಡೆದ ಹಾಗಿರುತ್ತಿತ್ತು. ಪರದೆಯ ಹಿಂದಿನಿಂದ ದನಿಗಳು ಬರುತ್ತಿದ್ದವು. ಕನ್ನಡದಲ್ಲಿ ಒಂದು, ಮರಾಠಿಯಲ್ಲಿ ಒಂದು, ಕೆಲವೊಮ್ಮೆ ಭಾಷೆಯೇ ಇಲ್ಲದ ಒಂದು.

ಆ ಪರದೆಗಳ ಹಿಂದೆ ಒಂದು ದಿನ ಖಾನಾಪುರದ ಕುಂಬಾರ್ತಿ ಬಂದು ಮಲಗಿದಳು. ವಯಸ್ಸು ಮೂವತ್ತರ ಆಸುಪಾಸು. ಮಡಕೆ ಸುಡುವ ಭಟ್ಟಿಗೆ ಸೌದೆ ಒಟ್ಟುವಾಗ ಗಾಳಿ ತಿರುಗಿ ಬೆಂಕಿ ಹೊರಕ್ಕೆ ಚಾಚಿ, ಸೀರೆಯ ಸೆರಗು ಹೊತ್ತಿಕೊಂಡಿತ್ತು. ಬೆನ್ನು, ಬಲಗೈ, ಬಲತೊಡೆ ಸುಟ್ಟಿದ್ದವು. ಹೆಂಚು ಸಾಗಿಸುವ ಲಾರಿಯಲ್ಲಿ ಅವಳ ಅತ್ತೆ ಅವಳನ್ನು ಬೋರಲು ಮಲಗಿಸಿಕೊಂಡು ಬೆಳಗಾವಿಗೆ ಕರೆತಂದಿದ್ದಳು.

ನಾಲ್ಕು ವಾರಗಳಲ್ಲಿ ಗಾಯ ಕೆಂಪಗೆ ಹದವಾಗಿ ಬಂತು. ಇನ್ನು ಅದನ್ನು ಚರ್ಮದಿಂದ ಮುಚ್ಚಬೇಕು. ಆದರೆ ಮುಚ್ಚಬೇಕಾದ ಜಾಗ ದೊಡ್ಡದು, ಚರ್ಮ ಕೊಡಬಲ್ಲ ಜಾಗ ಎಡತೊಡೆ ಒಂದೇ. ಚರ್ಮದ ತುಂಬ ಸಾಲುಸಾಲಾಗಿ ಸಣ್ಣ ಸೀಳು ಕೊಟ್ಟು ಎಳೆದರೆ ಅದು ಬಲೆಯಂತೆ ಬಿಚ್ಚಿಕೊಂಡು ಎರಡು ಪಟ್ಟು ಜಾಗ ಮುಚ್ಚುತ್ತದೆ, ಬಲೆಯ ಕಣ್ಣುಗಳನ್ನು ಆಮೇಲೆ ಮೈ ತಾನೇ ತುಂಬಿಕೊಳ್ಳುತ್ತದೆ. ಇದನ್ನು ಮಾಡುವ ವಿಲಾಯತಿ ಯಂತ್ರವನ್ನು ಮುಂಬಯಿಯಲ್ಲಿ ಕಂಡಿದ್ದೆ. ಅದು ಹಿರಿಯರ ಕಪಾಟಿನಲ್ಲಿ ಬೀಗದೊಳಗೆ ಇರುತ್ತಿತ್ತು. ಬೆಳಗಾವಿಯಲ್ಲಿ ನನ್ನ ಬಳಿ ಇದ್ದದ್ದು ಸಣ್ಣ ಚಾಕು ಮತ್ತು ಎರಡು ಕೈ. ಕೈಯಿಂದ ಸೀಳು ಕೊಡುತ್ತ ಕೂತರೆ ತಾಸುಗಟ್ಟಲೆ ಹಿಡಿಯುತ್ತದೆ, ಅಷ್ಟು ಹೊತ್ತು ರೋಗಿಗೆ ಅರಿವಳಿಕೆ ಕೊಟ್ಟು ಮಲಗಿಸುವ ಹಾಗಿಲ್ಲ.

ನಮ್ಮ ಅಡುಗೆಮನೆಯಲ್ಲಿ ಶಾವಿಗೆ ಹೊಸೆಯುವ ಮಶೀನಿತ್ತು. ಎರಡು ಉರುಳೆ, ಒಂದು ಹಿಡಿಕೆ. ಅವ್ವ ಹಿಟ್ಟಿನ ಹಾಳೆಯನ್ನು ಒಂದು ಕಡೆ ತುರುಕಿ ಇನ್ನೊಂದು ಕಡೆಯಿಂದ ಎಳೆಗಳನ್ನು ತೆಗೆದು ಕೋಲಿನ ಮೇಲೆ ಹಾಕುವುದನ್ನು ಒಂದು ಭಾನುವಾರ ನೋಡುತ್ತ ಕುಳಿತಿದ್ದೆ. ಮರುದಿನವೇ ಆ ಮಶೀನು ಮಾಡಿದವರನ್ನು ಹುಡುಕಿಕೊಂಡು ಹೋದೆ.

ಪೀರನವಾಡಿಯ ಕಡೆ ಹೋಗುವ ರಸ್ತೆಯಲ್ಲಿ, ಫೌಂಡ್ರಿಗಳ ಸಾಲಿನ ಹಿಂದೆ ಅವರ ತಗಡಿನ ಶೆಡ್ಡು. ಐವತ್ತು ದಾಟಿದ ಮುಸಲ್ಮಾನ ಮಿಸ್ತ್ರಿ. ಮನೆಮಾತು ದಖನಿ, ನನ್ನೊಡನೆ ಚೊಕ್ಕ ಬೆಳಗಾವಿ ಕನ್ನಡ. ಲೇಥಿನ ಮೇಲೆ ಉಕ್ಕು ಸುರುಳಿ ಸುರುಳಿಯಾಗಿ ಬಿಚ್ಚಿ ಬೀಳುತ್ತಿತ್ತು. ಅವರು ಲೇಥು ನಿಲ್ಲಿಸಿ ಎಣ್ಣೆಯ ಡಬ್ಬಿಯ ಮೇಲೆ ಚಿಂದಿ ಹಾಸಿ, “ಕುಂದರ್ರಿ ಬಾಯಿ” ಎಂದರು. ನಾನು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ. ಬಹಳ ಹೊತ್ತು ನೋಡಿದರು.

“ಶಾವಿಗಿ ಗತೆ ಪೂರಾ ಕತ್ತರಸಬಾರದು. ಕತ್ತರಸಬೇಕು, ಬಿಡಬೇಕು, ಮತ್ತ ಕತ್ತರಸಬೇಕು. ಖರೇ ಹೌದಲ್ರಿ?”

“ಹೌದ್ರಿ ಚಾಚಾ. ಬಾಜೂ ಸಾಲಿನ್ಯಾಗ ಬಿಟ್ಟಲ್ಲೆ ಕತ್ತರಸಬೇಕು.”

“ಹಂಗಾದ್ರ ಉರುಳಿಗೆ ಹಲ್ಲು ಕೊಡಬೇಕಾಗತೈತಿ.” ತುಸು ತಡೆದು ಕೇಳಿದರು, “ಇದರಾಗ ಹಾಕೂದು ಏನು? ರಬ್ಬರೇನ್ರಿ?”

ನಾನು ಹೇಳಿದೆ. ಅವರು ಕಾಗದವನ್ನು ಮೊಣಕಾಲ ಮೇಲೆ ಇಟ್ಟುಕೊಂಡರು. ಕೈಯ ಎಣ್ಣೆಯನ್ನು ಒಂದೊಂದೇ ಬೆರಳಿನಿಂದ ಒರೆಸಿಕೊಂಡರು. ಆಮೇಲೆ, “ಎರಡು ವಾರ ಕೊಡ್ರಿ” ಎಂದರು.

ಯಂತ್ರ ಸಿದ್ಧವಾದ ಮೇಲೆ ಪರೀಕ್ಷೆ ಮಾಡಬೇಕಲ್ಲ. ಬಾಳೆ ಎಲೆ ಹಾಕಿದೆವು, ನೆನೆಸಿದ ಕಾಗದ ಹಾಕಿದೆವು. ಕೊನೆಗೆ ಮಿಸ್ತ್ರಿಯವರು ಕೋಳಿಯ ಚರ್ಮ ತರಿಸಿದರು. ನಮ್ಮದು ಲಿಂಗ ಕಟ್ಟಿಕೊಂಡ ಮನೆ. ಮೈಯ ಮೇಲೆ ಕತ್ತಿ ಆಡಿಸುವ ನಾನು ಆ ಕೋಳಿ ಚರ್ಮವನ್ನು ಮುಟ್ಟಲು ಹಿಂಜರಿದದ್ದನ್ನು ಕಂಡು ಅವರು ನಕ್ಕು, ತಾವೇ ಹಿಡಿಕೆ ತಿರುಗಿಸಿದರು. ಇನ್ನೊಂದು ಬದಿಯಿಂದ ಚರ್ಮ ಹೊರಬಂತು. ಎರಡು ಕೈಯಲ್ಲಿ ಹಿಡಿದು ಎಳೆದರು. ಬಲೆ ಬಿಚ್ಚಿಕೊಂಡಿತು. ಅದರ ಕಣ್ಣುಗಳ ಮೂಲಕ ಅವರ ಮುಖ ನನಗೆ ಚೂರುಚೂರಾಗಿ ಕಂಡಿತು. ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು ಹಿಗ್ಗಿನಿಂದ ಆಸ್ಪತ್ರೆಗೆ ಹೊರಟೆ.

ಆ ಸಂತೋಷವೇ ನನ್ನನ್ನು ಆತುರಕ್ಕೆ ಬೀಳಿಸಿತು. ಕುಂಬಾರ್ತಿಗೆ ನಾನು “ಹೊಸಾ ಮಶೀನ್ ಬಂದೈತಿ, ಲಗೂನ ಮುಗೀತೈತಿ” ಎಂದಷ್ಟೇ ಹೇಳಿದೆ. ಮನುಷ್ಯರ ಚರ್ಮ ಅದರೊಳಗೆ ಇನ್ನೂ ಹೋಗಿಲ್ಲ ಎಂಬುದನ್ನು ಹೇಳಲಿಲ್ಲ. ಅವಳು ನಂಬಿಕೆಯಿಂದ ತಲೆಯಾಡಿಸಿದಳು.

ಎಡತೊಡೆಯಿಂದ ಚರ್ಮ ತೆಗೆದೆ. ಒಂದು ಪಟ್ಟಿಯನ್ನು ಬಟ್ಟಲಿನಿಂದ ಎತ್ತಿ ಉರುಳೆಗಳ ನಡುವೆ ಇಟ್ಟೆ. ಸಿಸ್ಟರ್ ಹಿಡಿಕೆ ತಿರುಗಿಸಿದರು. ಕೋಳಿಯ ಚರ್ಮ ದಪ್ಪ, ಅದರ ಕೆಳಗೆ ಕೊಬ್ಬಿರುತ್ತದೆ. ನಾನು ತೆಗೆದದ್ದು ಈರುಳ್ಳಿಯ ಒಳಸಿಪ್ಪೆಯಷ್ಟು ತೆಳ್ಳಗೆ. ಅದು ಉರುಳೆಗೆ ಅಂಟಿಕೊಂಡು, ಹಲ್ಲುಗಳಿಗೆ ಸುತ್ತಿಕೊಂಡು, ಹರಿದು ಮುದ್ದೆಯಾಯಿತು. ಚಿಮಟದಿಂದ ಬಿಡಿಸಲು ಹೋದಷ್ಟೂ ಹರಿಯಿತು. ಒಂದು ಗೇಣುದ್ದದ ಚರ್ಮ. ಬೇರೆಯವರ ಮೈಯಲ್ಲಿ ಅದಕ್ಕೆ ಅಷ್ಟೇನೂ ಬೆಲೆಯಿಲ್ಲದಿರಬಹುದು, ಅವಳ ಮೈಯಲ್ಲಿ ಕೊಡಲು ಇದ್ದದ್ದೇ ಅಂಥ ನಾಲ್ಕೈದು ಪಟ್ಟಿ. ಉಳಿದ ಪಟ್ಟಿಗಳನ್ನು ಕೈಯಿಂದಲೇ ಸೀಳಿ ತೋಳಿಗೂ ಬಲತೊಡೆಗೂ ಹಚ್ಚಿದೆ. ಬೆನ್ನು ಹಾಗೆಯೇ ಉಳಿಯಿತು.

ಆ ದಿನ ಸಂಜೆ ನಾಲ್ಕರ ಸುಮಾರಿಗೆ ಅವಳಿಗೆ ಪೂರ್ತಿ ಎಚ್ಚರವಾಗಿರುವುದನ್ನು ಕಂಡು, ಸೊಳ್ಳೆಪರದೆ ಸರಿಸಿ, ಸ್ಟೂಲಿನ ಮೇಲೆ ಕುಳಿತೆ. ನಡೆದದ್ದನ್ನೆಲ್ಲ ಹೇಳಿದೆ. ಮಶೀನು ನಾನೇ ಮಾಡಿಸಿದ್ದು, ಮೊದಲ ಸಲ ಹಾಕಿದ್ದು ಅವಳ ಚರ್ಮವನ್ನೇ, ಅದು ಹಾಳಾಯಿತು, ತಪ್ಪು ನನ್ನದು. ತೊಡೆಯಲ್ಲಿ ಮತ್ತೆ ಚರ್ಮ ಬೆಳೆಯಲು ಎರಡು ಮೂರು ವಾರ ಬೇಕು, ಅಲ್ಲಿಯತನಕ ಬೆನ್ನು ಕಾಯಬೇಕು.

ಅವಳು ಬೋರಲು ಮಲಗಿದ್ದಳು, ಮುಖ ನನ್ನ ಕಡೆಗಿತ್ತು. ಕಣ್ಣು ಮುಚ್ಚಿದಳು. ನಿದ್ದೆ ಹೋದಳೇನೋ ಎಂದುಕೊಂಡೆ.

“ಮೊದಲ ಯಾಕ ಹೇಳಲಿಲ್ಲರಿ ಅಕ್ಕಾರ?” ಎಂದಳು.

“ಹೇಳಬೇಕಾಗಿತ್ತು.”

“ಹೇಳಿದ್ರೂ ನಾ ಹೂಂ ಅಂತಿದ್ದೆ. ಆದ್ರ ಹೇಳಬೇಕಾಗಿತ್ತು.”

ಆ ಮಾತಿನಲ್ಲಿ ಸಿಟ್ಟಿಗಿಂತ ಹೆಚ್ಚಿನದೇನೋ ಇತ್ತು. ಮೂವತ್ತು ವರ್ಷ ಕೆಲಸ ಮಾಡಿದೆ, ಹೊಸದೇನಾದರೂ ಮಾಡುವ ಮುಂಚೆ ರೋಗಿಯ ಮುಂದೆ ಕುಳಿತು ಇದ್ದದ್ದನ್ನು ಇದ್ದ ಹಾಗೆ ಹೇಳುವುದನ್ನು ನಾನು ಕಲಿತದ್ದು ಆ ಸ್ಟೂಲಿನ ಮೇಲೆ.

ಎರಡು ದಿನ ಅವಳು ನನ್ನೊಡನೆ ಹೆಚ್ಚು ಮಾತಾಡಲಿಲ್ಲ. ಮೂರನೆಯ ದಿನ ಪಟ್ಟಿ ಬದಲಿಸುವಾಗ, “ಆ ಮಶೀನ್ ನನಗ ತೋರಸ್ರಿ” ಎಂದಳು. ತಂದು ಮಂಚದ ಪಕ್ಕದ ಮೇಜಿನ ಮೇಲೆ ಇಟ್ಟೆ. ಅವಳು ಎಡಗೈ ಚಾಚಿ ಹಿಡಿಕೆಯನ್ನು ಒಂದು ಸುತ್ತು ತಿರುಗಿಸಿದಳು. ಉರುಳೆಯ ಹಲ್ಲುಗಳನ್ನು ಬೆರಳಿನಿಂದ ಸವರಿದಳು. ಮಣ್ಣಿನ ಕೆಲಸದವರ ಬೆರಳು, ನೋಡುವುದೆಲ್ಲ ಅದರಿಂದಲೇ.

“ಚರ್ಮಾ ಹಂಗ ಹಾಕಿದ್ರೇನು, ಬರೇದ?”

“ಹೌದು.”

“ಅದಕ್ಕ ಹತ್ಕೊಂಡೈತಿ. ನಾವು ಹಸಿ ಮಣ್ಣು ಹಲಗಿ ಮ್ಯಾಲ ಬರೇದ ತಟ್ಟಂಗಿಲ್ಲರಿ. ಕೆಳಗ ಒದ್ದಿ ಅರಬಿ ಹಾಸ್ತೀವಿ. ಎತ್ತೂ ಮುಂದ ಅರಬಿ ಸಮೇತ ಎತ್ತತೀವಿ. ಮಣ್ಣಿಗಿ ಕೈ ಹಚ್ಚೂದ ಇಲ್ಲ.”

ನಾನು ಅವಳ ಮುಖ ನೋಡಿದೆ. ಅವಳು ಆಗಲೇ ಕಣ್ಣು ಮುಚ್ಚಿಕೊಂಡಿದ್ದಳು.

ಮಿಸ್ತ್ರಿಯವರ ಶೆಡ್ಡಿನಲ್ಲಿ ಒದ್ದೆ ಬಟ್ಟೆ ಹಾಕಿ ನೋಡಿದೆವು. ಬಟ್ಟೆಯ ಎಳೆಗಳು ಹಲ್ಲಿಗೆ ಸಿಕ್ಕಿಕೊಂಡವು. ಎಳೆಯಿಲ್ಲದ್ದು ಬೇಕು, ಬಗ್ಗುವಂಥದ್ದು ಬೇಕು, ಹರಿಯಬಾರದು. ವಾರದತನಕ ಕಣ್ಣಿಗೆ ಬಿದ್ದದ್ದನ್ನೆಲ್ಲ ಮುಟ್ಟಿ ನೋಡುತ್ತ ತಿರುಗಿದೆ. ಕೊನೆಗೆ ಅದು ನನ್ನ ಕೈಯಲ್ಲೇ ಇತ್ತು. ಯಾರದೋ ಎದೆಯ ಎಕ್ಸ್‌ರೇ ಹಾಳೆಯನ್ನು ಕಿಟಕಿಗೆ ಹಿಡಿದು ನೋಡುತ್ತಿದ್ದಾಗ ಅದು ಬೆರಳುಗಳ ನಡುವೆ ಬಳುಕಿತು.

ಹಳೆಯ ಎಕ್ಸ್‌ರೇಗಳನ್ನು ಸೋಡಾ ಬೆರೆಸಿದ ಬಿಸಿನೀರಿನಲ್ಲಿ ನೆನೆಹಾಕಿದೆವು. ಸಿಸ್ಟರ್ ಮತ್ತು ನಾನು ಬಕೆಟ್ಟಿನ ಎರಡು ಕಡೆ ಕುಳಿತು ನೋಡುತ್ತಿದ್ದೆವು. ಮೊದಲು ಅಂಚಿನ ಕಪ್ಪು ಕರಗಿತು. ಆಮೇಲೆ ಪಕ್ಕೆಲುಬುಗಳು ಒಂದೊಂದಾಗಿ ಸಡಿಲಗೊಂಡು ನೀರಿಗೆ ಬಂದವು, ಹೊಗೆಯ ಹಾಗೆ ಸ್ವಲ್ಪ ದೂರ ತೇಲಿ ಇಲ್ಲದಾದವು. ಕಡೆಗೆ ಹೃದಯದ ನೆರಳು. ಉಳಿದದ್ದು ಆಕಾಶದ ಬಣ್ಣದ, ಆರಪಾರ ಕಾಣುವ ಖಾಲಿ ಹಾಳೆ. “ಇವರೆಲ್ಲಾ ಎಲ್ಲಿ ಹೋದ್ರು ಬಾಯಾರ?” ಎಂದು ಸಿಸ್ಟರ್ ತಮಾಷೆಗೆ ಕೇಳಿದರು. ನನಗೆ ಮಾತ್ರ ಒಂದು ಕ್ಷಣ ಅದು ನಿಜವಾದ ಪ್ರಶ್ನೆ ಅನ್ನಿಸಿತು.

ಹದಿನೆಂಟನೆಯ ದಿನ ತೊಡೆಯಲ್ಲಿ ಚರ್ಮ ಬಂದಿತ್ತು. ಈ ಸಲ ಹಿಂದಿನ ದಿನವೇ ಅವಳಿಗೆ ಎಲ್ಲವನ್ನೂ ಹೇಳಿದೆ. ಸರಿಹೋಗಬಹುದು, ಹೋಗದೆಯೂ ಇರಬಹುದು, ಮೊದಲು ಅಂಗೈ ಅಗಲದ ಒಂದು ತುಂಡನ್ನಷ್ಟೇ ಹಾಕಿ ನೋಡುತ್ತೇನೆ ಎಂದೆ. “ಹಾಕ್ರಿ” ಎಂದಳು.

ಆ ತುಂಡು ಚರ್ಮವನ್ನು ನೀಲಿ ಹಾಳೆಯ ಮೇಲೆ ಹರಡಿ, ಹಾಳೆ ಸಮೇತ ಉರುಳೆಗೆ ಕೊಟ್ಟೆ. ಹಲ್ಲುಗಳು ಹಾಳೆಯ ಮೇಲೆ ಓಡುವ ಸಣ್ಣ ಸದ್ದು. ಹೊರಗೆ ಬಂದದ್ದು ಮೊದಲಿನಂತೆಯೇ ಕಂಡಿತು, ಏನೂ ಆಗಿಲ್ಲವೇನೋ ಎಂಬಂತೆ. ಹಾಳೆಯನ್ನು ಅವಳ ಬೆನ್ನಿನ ಮೇಲೆ ಬೋರಲಿಟ್ಟು ಮೆಲ್ಲಗೆ ತೆಗೆದು, ಚಿಮಟದಿಂದ ಅಂಚು ಹಿಡಿದು ಎಳೆದೆ. ಸಾವಿರ ಕಣ್ಣುಗಳು ಒಟ್ಟಿಗೆ ತೆರೆದವು. ಉಳಿದ ಚರ್ಮವನ್ನೂ ಹಾಗೆಯೇ ಉರುಳೆಗೆ ಕೊಟ್ಟೆ. ಅರ್ಧ ತಾಸಿನಲ್ಲಿ ಬೆನ್ನು ಪೂರ್ತಿ ಮುಚ್ಚಿತು.

ಐದನೆಯ ದಿನ ಪಟ್ಟಿ ಬಿಚ್ಚಿದಾಗ ಬಲೆ ಗುಲಾಬಿ ಬಣ್ಣಕ್ಕೆ ತಿರುಗಿ ಮೈಗೆ ಕೂತಿತ್ತು. ತಿಂಗಳ ಮೇಲೆ ಅವಳು ಎದ್ದು ಕುಳಿತು, ಅತ್ತೆಯ ಕೈಯಿಂದ ತಲೆ ಬಾಚಿಸಿಕೊಂಡು, ಖಾನಾಪುರದ ಬಸ್ಸು ಹತ್ತಿದಳು. ಹೋಗುವಾಗ ಅತ್ತೆ ನನ್ನನ್ನು ಬದಿಗೆ ಕರೆದು, “ಪ್ಲಾಸ್ಟಿಕ್ ಹಚ್ಚೀರಂತಲ್ಲ, ಬಿಸಲಿಗೆ ಕರಗಂಗಿಲ್ಲ ಹೌದಲ್ರಿ?” ಎಂದು ಕೇಳಿದಳು. ಪ್ಲಾಸ್ಟಿಕ್ ಎಳ್ಳಷ್ಟೂ ಇಲ್ಲ, ಎಲ್ಲ ನಿಮ್ಮ ಸೊಸೆಯದೇ ಚರ್ಮ ಎಂದೆ. ಅವಳಿಗೆ ನಂಬಿಕೆ ಬಂದಂತೆ ಕಾಣಲಿಲ್ಲ.

ಎಂಬತ್ತರ ದಶಕದ ಮೊದಲಲ್ಲಿ ದೊಡ್ಡ ಊರೊಂದರ ಸಮ್ಮೇಳನಕ್ಕೆ ಯಂತ್ರವನ್ನು ಚೀಲದಲ್ಲಿಟ್ಟುಕೊಂಡು ಹೋದೆ. ನನ್ನ ಮಾತು ಮುಗಿದ ಮೇಲೆ ಮುಂದಿನ ಸಾಲಿನವರೊಬ್ಬರು, ಹಾಳೆಯ ಉಪಾಯ ಯಾವ ದೇಶದ್ದು ಎಂದು ಕೇಳಿದರು. ಖಾನಾಪುರದ ಕುಂಬಾರ್ತಿಯೊಬ್ಬಳದು, ನನ್ನ ರೋಗಿ ಎಂದೆ. ಸಭೆಯಲ್ಲಿ ನಗು ಎದ್ದಿತು. ಅದು ಇಳಿಯುವತನಕ ಕಾದು, ಅವಳು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ, ಹಾಳಾದ ಚರ್ಮದ ಸಂಗತಿಯನ್ನೂ ಸೇರಿಸಿ. ಚಹಾದ ಹೊತ್ತಿಗೆ ಮೂವರು ಬಂದು ಯಂತ್ರದ ಅಳತೆ ಬರೆದುಕೊಂಡರು. ಮಿಸ್ತ್ರಿಯವರು ಆಮೇಲೆ ಅಂಥವನ್ನು ಇನ್ನೂ ಕೆಲವು ಮಾಡಿ ಬೇರೆ ಊರುಗಳ ಆಸ್ಪತ್ರೆಗಳಿಗೆ ಕಳಿಸಿದರು. ಪ್ರತಿಯೊಂದನ್ನೂ ಹಳೆಯ ಧೋತರದಲ್ಲಿ ಸುತ್ತಿ, ನಾಜೂಕಾಗಿ, ಮಗುವನ್ನು ಕಳಿಸುವಂತೆ. ನಮ್ಮ ಹಕ್ಕು ಎಂದು ಬರೆಸಿಟ್ಟುಕೊಳ್ಳುವುದು ಇಬ್ಬರಿಗೂ ಹೊಳೆಯಲಿಲ್ಲ.

ಅದೇ ವರ್ಷಗಳಲ್ಲಿ ನಾನು ತಿಂಗಳಿಗೊಮ್ಮೆ ಖಾನಾಪುರಕ್ಕೆ ಹೋಗಿ ರೋಗಿಗಳನ್ನು ನೋಡುತ್ತಿದ್ದೆ. ಜಾಂಬೋಟಿಯ ಕಡೆಯಿಂದಲೂ ಜನ ನಡೆದು ಬರುತ್ತಿದ್ದರು. ಒಂದು ಮಧ್ಯಾಹ್ನ ಕೆಲಸ ಬೇಗ ಮುಗಿಯಿತು. ದಾರಿ ಕೇಳಿಕೊಂಡು ಅವಳ ಮನೆಗೆ ಹೋದೆ. ಅಂಗಳದ ತುಂಬ ಸುಡದ ಮಡಕೆಗಳು ನೆರಳಿನಲ್ಲಿ ಒಣಗುತ್ತಿದ್ದವು. ಅವಳು ಒಂದನ್ನು ತೊಡೆಯ ಮೇಲಿಟ್ಟುಕೊಂಡು, ಒಳಗೆ ಗುಂಡುಕಲ್ಲು ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟುತ್ತಿದ್ದಳು. ಬಲಗೈಯ ಚರ್ಮದ ಮೇಲೆ ಬಲೆಯ ಗುರುತು ಹಾವಿನ ಪೊರೆಯಂತೆ ಮಿನುಗುತ್ತಿತ್ತು. ಮೊಣಕೈ ಪೂರ್ತಿ ಮಡಚುತ್ತಿತ್ತು, ಪೂರ್ತಿ ಚಾಚುತ್ತಿತ್ತು. ಅದನ್ನೇ ನೋಡುತ್ತಿದ್ದೆ.

“ಬಿಸಲಾಗ ಜರಾ ಕಡೀತೈತಿ” ಎಂದಳು.

“ಕೊಬ್ರಿ ಎಣ್ಣಿ ಹಚ್ಚತೀಯಿಲ್ಲೊ?”

“ನೆನಪಾದಾಗ ಹಚ್ಚತೀನ್ರಿ ಅಕ್ಕಾರ. ಕುಂದರ್ರಿ, ಚಹಾ ಇಡಾಕ ಹೇಳತೀನಿ.”

ಗೋಡೆಗೆ ಒರಗಿ ಕುಳಿತೆ. ಹಲಗೆಯ ಪೆಟ್ಟು ಒಂದೇ ಅಂತರದಲ್ಲಿ, ಒದ್ದೆಯಾಗಿ, ಬೀಳುತ್ತಲೇ ಇತ್ತು. ಮಡಕೆಯ ಹೊಟ್ಟೆ ಪ್ರತಿ ಪೆಟ್ಟಿಗೂ ಕಂಡೂ ಕಾಣದಷ್ಟು ಹಿಗ್ಗುತ್ತಿತ್ತು. ಎಷ್ಟೋ ದಿನಗಳ ನಿದ್ದೆ ನನ್ನ ಮೇಲೆ ಒಟ್ಟಿಗೆ ಬಂತು. ಕಣ್ಣು ಬಿಟ್ಟಾಗ ಅಂಗಳದ ನೆರಳು ಉದ್ದವಾಗಿತ್ತು, ಪಕ್ಕದಲ್ಲಿ ಚಹಾದ ಬಟ್ಟಲು ತಣ್ಣಗಾಗಿತ್ತು, ತಲೆಯ ಕೆಳಗೆ ಯಾರೋ ಮಡಿಚಿದ ಕೌದಿ ಇಟ್ಟಿದ್ದರು. ನಾಲ್ಕೂವರೆಯ ಬಸ್ಸು ಹೋಗಿತ್ತು. ಅವಳು ಕೈ ತೊಳೆದುಕೊಂಡು ರೈಲು ಸ್ಟೇಷನ್ನಿನತನಕ ನನ್ನ ಜೊತೆ ನಡೆದು ಬಂದಳು. ದಾರಿಯಲ್ಲಿ ಮಳೆ ಯಾವಾಗ ಬರಬಹುದು, ಈ ಸಲದ ಮಣ್ಣಿನಲ್ಲಿ ಮರಳು ಎಷ್ಟಿದೆ ಎಂದು ಮಾತಾಡಿಕೊಂಡೆವು. ಗಾಡಿ ಬಂತು, ಹತ್ತಿ ಕುಳಿತೆ.