ಲ್ಯಾಪ್‌ಟಾಪಿನ ಹೊಟ್ಟ್ಯಾಗ ಸಿಕ್ಕದ್ದು

ಸುರಪುರದ ತಹಶೀಲ್ ಕಚೇರಿ ಎದುರು ನಂದೊಂದು ಡಬ್ಬಿ ಅಂಗಡಿ ಅದ. ಜನ ತಮ್ಮ ಕಷ್ಟ ಹೇಳ್ತಾರ, ನಾ ಅದನ್ನ ಅರ್ಜಿ ಮಾಡಿ ಟೈಪ್ ಮಾಡ್ತೀನಿ. ಹನ್ನೊಂದು ವರ್ಷದಿಂದ ಒಂದೇ ಲ್ಯಾಪ್‌ಟಾಪು. ಹೋದ ಬ್ಯಾಸಿಗ್ಯಾಗ ಅದಕ್ಕ ಜಡ್ಡು ಬಂತು. ಅರ್ಜಿ ಅರ್ಧ ಆಗೂದ್ರಾಗ ಬುಸುಬುಸು ಅಂತ ಕಾದು ಆರಿ ಹೋಗೂದು. ಹುಣಸಗಿಯಿಂದ ಮೊದಲನೇ ಬಸ್ಸಿಗೆ ಬಂದ ಮುದುಕಿ ಸೈತ "ಇರ್ಲಿ ಬಿಡಪಾ" ಅಂತ ಎದ್ದು ಎದುರಿನ ಹೊಸ ಅಂಗಡಿಗೆ ಹೋದ್ಲು. ಆ ಅಂಗಡಿಯಾವ ಎಂಥಾ ಮಬ್ಬ ಅಂದ್ರ, 'ಮಾನ್ಯರೇ' ಅನ್ನೂದನ್ನೂ ಫೋನ್ ನೋಡಿ ಬರೀತಾನ. ಅಂಥವನ ಮುಂದ ನಾ ಡಬ್ಬಿ ಮುಚ್ಚೂ ಹೊತ್ತು ಬಂದಿತ್ತು.

ಯಾದಗಿರಿಗೆ ಒಯ್ದೆ. ಗಾಜಿನ ಅಂಗಡಿ, ಕೊರಳಾಗ ಟೈ ಬಿಗಕೊಂಡ ಒಬ್ಬ ಶಾಣ್ಯಾ. ಮುಟ್ಟಿ ಸೈತ ನೋಡಲಿಲ್ಲ. "ಇದಕ್ಕ ವಯಸ್ಸಾಗ್ಯದ್ರಿ, ಹೊಸಾದು ತೊಗೊಳ್ರಿ" ಅಂದ.

"ನಿಮ್ಮಪ್ಪಗ ವಯಸ್ಸಾತಂತ ಹೊಸ ಅಪ್ಪನ್ನ ತರ್ತಿಯೇನು?" ಅಂದು ಎದ್ದು ಬಂದೆ.

ಎರಡು ವರ್ಷದ ಹಿಂದ ಬ್ಯಾಟರಿ ಬದಲಿಸಿದ ಕೆಂಭಾವಿಯ ಪುಣ್ಯಾತ್ಮನೇ ಇದನ್ನ ಹಾಳು ಮಾಡ್ಯಾನ ಅಂತ ನನಗ ಖಾತ್ರಿ ಇತ್ತು. "ಇದನ್ನ ಕೆಡಿಸಿದವನ ಕೈ ಸೇದಿ ಹೋಗ್ಲಿ!" ಅಂತ ಬಸ್ಸಿನ ಮಂದಿಗೆಲ್ಲ ಕೇಳೂಹಂಗ ಬೈಕೋತ ಶಹಾಪುರಕ್ಕ ಬಂದೆ. ಯಾಕ ಬೈಬಾರದು? ನಾ ಅದನ್ನ ಹ್ಯಾಂಗ ಜ್ವಾಕಿ ಮಾಡಿದ್ದೆ! ಪ್ರತಿ ಸೋಮವಾರ ಕೀಲಿಗಳ ಮ್ಯಾಲ ಮೂರು ಬೆರಳು ವಿಭೂತಿ ಎಳೀತಿದ್ದೆ, ಬಾಜೂಕಿನ ತೂತಿನಾಗ ಎರಡು ಊದಿನಕಡ್ಡಿ ಸಿಗಸ್ತಿದ್ದೆ.

ಶಹಾಪುರದ ಬಸ್‌ಸ್ಟ್ಯಾಂಡ್ ಹಿಂದ ರಿಪೇರಿ ಮಾಡೂ ಒಬ್ಬ ವಯಸ್ಸಾದ ಚಾಚಾ ಇದ್ದಾನ. ಮೊದಲು ರೇಡಿಯೋ ಸುಧಾರಸ್ತಿದ್ನಂತ. ರೇಡಿಯೋದಾವ ಏನು ಕಡದು ಕಟ್ಟಿ ಹಾಕ್ತಾನ ಅಂತ ಮುಖ ಸಿಂಡರಿಸಿಕೊಂಡೇ ಕುಂತೆ.

"ರ್‍ಯಾಮ್ ಹೆಚ್ಚು ಮಾಡಿ, ಹಳೇ ಡಿಸ್ಕ್ ತಗದು ಎಸ್‌ಎಸ್‌ಡಿ ಕೂಡ್ರಿಸಿದ್ರ ಇನ್ನೂ ಓಡ್ತದ್ರಿ. ಆದ್ರ ಇಷ್ಟು ಯಾಕ ಕಾಯ್ತದ, ಬಿಚ್ಚಿ ನೋಡೋಣ್ರಿ" ಅಂದ.

ತಿರುಪು ತಗದು ತಳದ ಹೊದಿಕಿ ಎತ್ತಿದ. ಹಂಗೇ ನನ್ನ ಕಡಿ ತಿರುಗಿಸಿದ. ಫ್ಯಾನಿನ ರೆಕ್ಕಿಗೆ ವಿಭೂತಿ ಗಟ್ಟಿಯಾಗಿ ಹತ್ಕೊಂಡಿತ್ತು. ಬಿಸಿ ಗಾಳಿ ಹೊರಗ ಹೋಗೂ ದಾರ್‍ಯಾಗ ಮುರದ ಊದಿನಕಡ್ಡಿ, ಬರೇ ಬೂದಿ. ಪಾಪ, ಅದಕ್ಕ ಉಸಿರಾಡಾಕೇ ಜಾಗಾ ಇರಲಿಲ್ಲ.

ಯಾರು ಮಾಡ್ಯಾರ ಅಂತ ಚಾಚಾ ಕೇಳಲಿಲ್ಲ. ನನ್ನ ಹಣಿ ನೋಡಿದ, ಅಷ್ಟ. ಆಮ್ಯಾಲ ಸಣ್ಣ ಬ್ರಷ್ ಹಿಡದು ಕೆರದ, ಒಂದು ಕಣಾನೂ ನೆಲಕ್ಕ ಬೀಳದಂಗ ಹಾಳಿ ಮ್ಯಾಲ ಕೂಡಿಸಿ ಪುಡಕಿ ಕಟ್ಟಿದ.

"ನಿಮ್ಮ ದೇವರದ್ರಿ ಇದು. ನಾ ಕಸದಾಗ ಹ್ಯಾಂಗ ಹಾಕ್ಲಿ? ತೊಗೊಳ್ರಿ" ಅಂದು ನನ್ನ ಕೈಯಾಗ ಇಟ್ಟ.

ಥೂ ನನ್ನ ಬಾಳೇವೇ! ತಲಿ ಎತ್ತಾಕ ಆಗಲಿಲ್ಲ.

ಸಂಜಿಮುಂದ ಹೊಸ ರ್‍ಯಾಮು, ಎಸ್‌ಎಸ್‌ಡಿ ಹಾಕಿ ಕೊಟ್ಟ. ಗುಂಡಿ ಒತ್ತಿ ಬೆರಳು ತಗಿಯೂದ್ರಾಗ ಚಾಲೂ ಆತು. ಬಿಸಿ ಇಲ್ಲ, ಬುಸುಗುಟ್ಟೂದಿಲ್ಲ. ನನ್ನ ಡಬ್ಬಿ ಉಳೀತು.

ಸುರಪುರದ ಬಸ್ಸಿನ್ಯಾಗ ಬಾಯಿ ಬಿಡಲಿಲ್ಲ. ಸೇದಿ ಹೋಗ್ಲಿ ಅಂತ ಶಾಪ ಹಾಕಿದ್ನಲ್ಲ, ಆ ಕೈ ಪುಡಕಿ ಹಿಡಕೊಂಡು ನನ್ನ ತೊಡಿ ಮ್ಯಾಲೇ ಇತ್ತು.