ಗೋಡೆಗೆ ಮೊಳೆ ಹೊಡೆಯಬೇಡ

ನನ್ನ ಅಣ್ಣ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಓದುತ್ತ ಹೋದರೆ ನಿಮಗೆ ಹಾಗನ್ನಿಸಬಹುದು. ನನಗೂ ಎಷ್ಟೋ ಸಲ ಅನ್ನಿಸಿದೆ. ತನ್ನ ಮನೆಯ ಇಂಟರ್‌ನೆಟ್ಟನ್ನು ನಾನು ಬಳಸುವುದಕ್ಕೆ ಅವನ ತಕರಾರು ಇರಲಿಲ್ಲ. ಕ್ಯಾಲೆಂಡರಿನ ಹಳೆಯ ಹಾಳೆ ಹರಿದು, ಅದರ ಹಿಂದೆ ಪಾಸ್‌ವರ್ಡನ್ನು ತಾನೇ ಬರೆದುಕೊಟ್ಟ. "ನೆಟ್ ಎಷ್ಟು ಬೇಕೋ ಅಷ್ಟು ತಗೋ ತಂಗಿ. ಗೋಡಿಗೆ ಮಾತ್ರ ಮೊಳಿ ಹೊಡಿಬ್ಯಾಡ" ಅಂದ.

ನಮ್ಮದು ಶಿಕಾರಿಪುರ ತಾಲ್ಲೂಕು, ತಾಳಗುಂದದ ಕಡೆಯ ಒಂದು ಊರು. ಅಪ್ಪ ಅವ್ವ ಹೋದ ಮೇಲೆ ಅಣ್ಣನೂ ತಮ್ಮನೂ ಮನೆಯನ್ನು ಪಾಲು ಮಾಡಿಕೊಂಡರು. ಪಡಸಾಲೆಯ ನಡುವೆ ಇಟ್ಟಿಗೆಯ ಗೋಡೆ ಎದ್ದಿತು. ಬಲಕ್ಕೆ ಅಣ್ಣನ ಸಂಸಾರ, ಎಡಕ್ಕೆ ತಮ್ಮನದು. ಹಿತ್ತಲಿನಾಚೆ, ಹಿಂದೆ ಬಿತ್ತನೆ ಬೀಜ ಇಡುತ್ತಿದ್ದ ಮಣ್ಣಿನ ಗೋಡೆಯ ಕೋಣೆಯಲ್ಲಿ ನಾನು. ಅದು ನನ್ನ ಪಾಲು ಎಂದು ಯಾರೂ ಹೇಳಿರಲಿಲ್ಲ. ನಾನು ಅಲ್ಲಿದ್ದೆ, ಅಷ್ಟೇ.

ನನ್ನನ್ನು ಸೊರಬದ ಕಡೆ ಕೊಟ್ಟಿದ್ದರು. ಹನ್ನೊಂದು ವರ್ಷ ಬಾಳಿ ವಾಪಸ್ ಬಂದೆ. ಯಾಕೆ ಬಂದೆ ಎಂದು ಕೇಳಿದವರಿಗೆಲ್ಲ ಹೇಳಿ ಸಾಕಾಗಿದೆ, ಇಲ್ಲಿ ಹೇಳುವುದಿಲ್ಲ. ಒಂದು ಮಾತು ಮಾತ್ರ. ಆ ಮನೆಯಲ್ಲಿ ರೇಡಿಯೋದ ಕಿವಿ ಹಿಂಡುವ ಹಕ್ಕು ಮಾವನಿಗೊಬ್ಬರಿಗೇ ಇತ್ತು. ಹನ್ನೊಂದು ವರ್ಷ ಅವರು ಹಾಕಿದ್ದನ್ನು ಕೇಳಿದೆ, ಅವರು ಆರಿಸಿದಾಗ ಸುಮ್ಮನಾದೆ. ಇನ್ನು ಮೇಲೆ ನನ್ನ ಹಾಡು ನಾನೇ ಹಾಕಿಕೊಳ್ಳಬೇಕು ಎಂಬುದು ಸಣ್ಣ ಆಸೆ ಎಂದು ನಿಮಗನ್ನಿಸಿದರೆ ಅನ್ನಿಸಲಿ.

ಬ್ಲೌಸ್ ಹೊಲಿಯುವುದು ನನ್ನ ಕೆಲಸ. ಬೆಳಗಿನಿಂದ ಸಂಜೆಯವರೆಗೂ ಮಷೀನಿನ ಮುಂದೆ. ಅದರ ಸದ್ದಿನಲ್ಲಿ ಫೋನಿನ ಹಾಡು ಸೊಳ್ಳೆ ಗುಂಯ್‌ಗುಟ್ಟಿದಂತೆ ಕೇಳುತ್ತದೆ. ಅದೂ ನೆಟ್ಟಗೆ ಎರಡು ಸಾಲು ಮುಗಿಯುವುದರೊಳಗೆ ಯಾರಾದರೂ ಫೋನ್ ಮಾಡಿ "ಅಕ್ಕಾ, ಹುಕ್ ಹಚ್ಚಿದ್ರಾ?" ಎನ್ನುತ್ತಾರೆ. ಹಾಗಾಗಿ ಎರಡು ಒಳ್ಳೆಯ ಸ್ಪೀಕರನ್ನೂ ಒಂದು ಸ್ಟ್ರೀಮರನ್ನೂ ತರಿಸಿದೆ. ಸ್ಟ್ರೀಮರ್ ಎಂದರೆ ಅಂಗೈ ಅಗಲದ ಕರಿ ಡಬ್ಬಿ. ನೆಟ್ ಕೊಟ್ಟರೆ ಅದು ಹಾಡನ್ನು ತಾನೇ ತಂದು ಸ್ಪೀಕರಿಗೆ ಒಪ್ಪಿಸುತ್ತದೆ. ಫೋನು ತನ್ನ ಪಾಡಿಗೆ ತಾನು ಹೊಡೆದುಕೊಳ್ಳಬಹುದು. ನೆಟ್ ಕೊಡದಿದ್ದರೆ ಅದು ಬರೀ ಡಬ್ಬಿ. ನನ್ನ ಕೋಣೆಯಲ್ಲಿ ಮೊಬೈಲ್ ಸಿಗ್ನಲ್ಲೇ ಕಿಟಕಿಯ ಸರಳಿಗೆ ಫೋನ್ ಒತ್ತಿ ಹಿಡಿದರೆ ಮಾತ್ರ ಬರುತ್ತದೆ. ಅಣ್ಣನ ಪಡಸಾಲೆಯ ವೈಫೈ ಹಿತ್ತಲ ಬಾಗಿಲಿಗೇ ಸತ್ತು ಹೋಗುತ್ತದೆ.

ಸರಿ, ಉದ್ದದ ಕೇಬಲ್ ಎಳೆಯೋಣ ಎಂದುಕೊಂಡೆ. ಪಡಸಾಲೆಯ ಗೋಡೆಗುಂಟ, ಅಡುಗೆಮನೆಯ ಮೂಲೆಯಲ್ಲಿ ಒಂದು ತೂತು, ಹಿತ್ತಲು ದಾಟಿ ನನ್ನ ಕೋಣೆಗೆ. ಅಣ್ಣ ಮೊಳೆ ಬೇಡ ಎಂದದ್ದು ಆಗಲೇ.

"ಯಾಕ? ಗೋಡಿ ಬೀಳ್ತತೇನು?" ಅಂದೆ.

"ಬೀಳೂದಲ್ಲ. ಇವತ್ತು ವೈರು ಹೋಗ್ತತಿ, ನಾಳಿ ದಾರಿ ನಂದು ಅಂತಿ. ಮೆಕ್ಕೆಜೋಳದ ಹೊಲದಾಗ ಆಗ್ಲಿಲ್ಲೇನು?"

ಹೊಲದಲ್ಲಿ ಆಗಿತ್ತು. ಪಕ್ಕದ ಹೊಲದವರು ನಮ್ಮ ಬದುವಿನ ಮೇಲೆ ಒಂದು ಪೈಪು ಹಾಯಿಸಿಕೊಳ್ಳುತ್ತೇವೆ ಎಂದರು, ಅಪ್ಪ ಹೂಂ ಅಂದ. ಕೆಲವು ವರ್ಷ ಕಳೆದ ಮೇಲೆ ಪೈಪಿನಗುಂಟ ನಡೆದಾಡಿದ ಜಾಗವೆಲ್ಲ ತಮ್ಮ ಕಬ್ಜಾದಲ್ಲಿದೆ ಎಂದರು. ಅಂದಿನಿಂದ ಅಣ್ಣನಿಗೆ ಒಂದು ಗಡಿ ದಾಟಿ ಹೋಗುವ ಏನನ್ನು ಕಂಡರೂ ಮೈಯೆಲ್ಲ ಮುಳ್ಳು. ಅದಕ್ಕೆ ಸರಿಯಾಗಿ ಆಗ ಮನೆಗೆ ಪಂಚಾಯಿತಿಯ ಇ-ಸ್ವತ್ತು ದಾಖಲೆ ಮಾಡಿಸುವ ಓಡಾಟ ನಡೆದಿತ್ತು. ಮನೆಯನ್ನು ಎರಡು ಭಾಗ ಮಾಡಿ ಇಬ್ಬರ ಹೆಸರಿಗೆ ಮಾಡಿಸಬೇಕು. ಅದಕ್ಕೆ ನನ್ನ ಹಕ್ಕು ಬಿಟ್ಟೆ ಎಂದು ನಾನೊಂದು ಪತ್ರಕ್ಕೆ ಸಹಿ ಹಾಕಬೇಕು. ಪತ್ರ ತಯಾರಾಗಿ ಅಣ್ಣನ ಕಪಾಟಿನಲ್ಲಿತ್ತು.

"ಸಹಿ ಅಂದ್ರ ಒಂದು ಗೆರಿ ಎಳದಂಗ. ನಿನ್ನನ್ನ ಯಾರೂ ಹೊರಗ ಹಾಕಂಗಿಲ್ಲ" ಎಂದು ಅಣ್ಣ ಹೇಳಿದ್ದ. ನಾನೂ ಹಾಕಿಬಿಡೋಣ ಎಂದೇ ಇದ್ದೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂದು ಕೇಳಿಕೊಂಡೇ ಬೆಳೆದವಳು ನಾನು. ಹೆಣ್ಣುಮಕ್ಕಳಿಗೂ ಪಾಲಿದೆ ಎಂಬುದು ಪೇಪರಿನಲ್ಲಿ ಬರುವ ಬೇರೆಯವರ ಸುದ್ದಿ ಎಂದುಕೊಂಡಿದ್ದೆ.

ಕೇಬಲ್ಲು ಬೇಡವಾದರೆ ಬೇಡ, ಬೇರೆ ದಾರಿ ಇರಬೇಕಲ್ಲ. ಶಿಕಾರಿಪುರದ ಅಂಗಡಿಗೆ ಹೋಗಿ ಕೇಳಿದೆ. ಅಂಗಡಿಯವನು ಅಣ್ಣನ ಪರಿಚಯದವನು. "ಅಣ್ಣಾರನ್ನ ಒಂದ್ ಮಾತು ಕೇಳ್ಕೊಂಡು ಬರ್ರಿ ಅಕ್ಕ. ಆಮ್ಯಾಲೆ ನನ್ನ ಮ್ಯಾಲೆ ಬರಬಾರ್ದು" ಅಂದ. ನನ್ನ ವಯಸ್ಸು ಐವತ್ತೆರಡು. ಒಂದು ಹಾಡಿನ ಡಬ್ಬಿಗೆ ನೆಟ್ ಹಾಕಿಕೊಳ್ಳಲು ಅಣ್ಣನ ಅಪ್ಪಣೆ ಚೀಟಿ ತರಬೇಕಂತೆ. ಸಿಟ್ಟು ನೆತ್ತಿಗೇರಿತು. ಬಸ್‌ಸ್ಟ್ಯಾಂಡಿಗೆ ಬಂದವಳು ಊರಿನ ಬಸ್ ಬಿಟ್ಟು ಸೊರಬದ ಬಸ್ ಹತ್ತಿದೆ. ಆ ಊರಿನ ಮಣ್ಣು ತುಳಿಯುವುದಿಲ್ಲ ಎಂದು ಆಣೆ ಮಾಡಿದ್ದೆ. ಮುರಿದೆ. ಸುಖವಾಗಿಯೇ ಮುರಿದೆ.

ಸೊರಬದ ಅಂಗಡಿಯಲ್ಲಿ ಒಬ್ಬ ಹೆಂಗಸು ಕೂತಿದ್ದಳು. ನಾನು ಯಾರ ಮಗಳು, ಯಾರ ಸೊಸೆ ಎಂದು ಅವಳು ಕೇಳಲಿಲ್ಲ. ಗೋಡೆ ಎಂಥದ್ದು ಎಂದು ಕೇಳಿದಳು. ಕರೆಂಟಿನ ವೈರಿನಲ್ಲೇ ನೆಟ್ ಕಳಿಸುವ ಜೋಡಿ ಡಬ್ಬಿ ತೋರಿಸಿ, ನನ್ನ ಕೋಣೆಯ ಬಲ್ಬು ತಮ್ಮನ ಮೀಟರಿನದು, ನೆಟ್ ಅಣ್ಣನ ಕಡೆಯದು ಎಂದು ತಿಳಿದ ಕೂಡಲೇ ಅದನ್ನು ಒಳಗಿಟ್ಟಳು. "ಎರಡು ಮೀಟರ್ ಆದ್ರೆ ಇದನ್ನ ನಂಬೋದು ಕಷ್ಟ ಅಕ್ಕ." ಆಮೇಲೆ ಪ್ಲಗ್ಗಿಗೆ ಸಿಕ್ಕಿಸುವ ಬಿಳಿ ಎಕ್ಸ್‌ಟೆಂಡರ್ ಒಂದನ್ನು ಕೈಗಿಟ್ಟಳು. "ಇದು ಆ ಕಡೆಯಿಂದ ವೈಫೈ ಹಿಡಿದು ಈ ಕಡೆ ದಾಟಿಸ್ತದೆ. ಆದ್ರೆ ಮಣ್ಣಿನ ಗೋಡೆ ತೂರೋದಿಲ್ಲ. ಆ ಕಡೆ ರೂಟರ್ ಇರೋ ಪಡಸಾಲೆನೂ ಕಾಣ್ಬೇಕು, ಈ ಕಡೆ ನಿಮ್ಮ ಕಿಟಕಿನೂ ಕಾಣ್ಬೇಕು. ಅಂಥ ಜಾಗ ಇದೆಯಾ?"

ಇದೆ ಎಂದು ವಾಪಸ್ ಬರುವ ಬಸ್ಸಿನಲ್ಲಿ ಹೊಳೆಯಿತು. ದೇವರ ಕೋಣೆ. ಮನೆ ಪಾಲಾದಾಗ ಪಾಲಾಗದೆ ಉಳಿದದ್ದು ಅದೊಂದೇ. ದೇವರನ್ನು ಹಂಚಿಕೊಳ್ಳಬಾರದೆಂದು ಎರಡೂ ಕಡೆಯಿಂದ ಬಾಗಿಲಿಟ್ಟು ಹಾಗೇ ಬಿಟ್ಟಿದ್ದರು. ಅಣ್ಣನ ಕಡೆಯ ಬಾಗಿಲು ಪಡಸಾಲೆಗೆ ತೆರೆಯುತ್ತದೆ. ಹಿಂದಿನ ಬೆಳಕಿಂಡಿ ನನ್ನ ಕಿಟಕಿಗೆ ಎದುರು. ಹಬ್ಬಕ್ಕೆ ಸೀರಿಯಲ್ ಸೆಟ್ ಹಾಕುವ ಪ್ಲಗ್ಗೂ ಇದೆ. ಇಬ್ಬರು ಸೊಸೆಯರಿಗೂ ಪುರುಸೊತ್ತಿಲ್ಲವೆಂದು ದಿನಾ ಅಲ್ಲಿ ಪೂಜೆ ಮಾಡುವವಳು ನಾನೇ.

ಅದೇ ಬಸ್ಸಿನಲ್ಲಿ ಇನ್ನೊಂದೂ ಹೊಳೆಯಿತು. ಒಂದು ವೈರಿಗೆ ಅಣ್ಣ ಇಷ್ಟು ಹೆದರಬೇಕಾದರೆ ಹೆದರುವಂಥದ್ದೇನೋ ಇರಲೇಬೇಕು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ನನಗೆ ಆ ಮನೆಯಲ್ಲಿ ಏನೂ ಇಲ್ಲದಿದ್ದರೆ ನಾನು ಹೊಡೆಯುವ ಮೊಳೆ ಅವನನ್ನು ಏನು ಮಾಡೀತು? ನನಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಪಕ್ಕದಲ್ಲಿ ಕೂತಿದ್ದವರು ಕಿಟಕಿಯ ಗಾಜು ಸರಿಸಿಕೊಟ್ಟರು, ವಾಂತಿ ಬರುತ್ತಿರಬೇಕೆಂದು.

ಮರುದಿನ ಪೂಜೆ ಮುಗಿಸಿ ಎಕ್ಸ್‌ಟೆಂಡರನ್ನು ದೇವರ ಕೋಣೆಯಲ್ಲಿ ಸಿಕ್ಕಿಸಿದೆ. ರೂಟರಿನ ಬಟನ್ ಒತ್ತಿದ ಎರಡು ನಿಮಿಷದೊಳಗೆ ಇದರ ಬಟನ್ನನ್ನೂ ಒತ್ತಬೇಕು ಎಂದು ಸೊರಬದ ಅಂಗಡಿಯವಳು ಹೇಳಿದ್ದಳು. ಒದ್ದೆ ಕೂದಲು ಕಟ್ಟಿಕೊಂಡು ಪಡಸಾಲೆಯಿಂದ ದೇವರ ಕೋಣೆಗೆ ಓಡಿದೆ. ಮೊದಲ ಸಲ ಕೆಂಪು. ಎರಡನೆಯ ಸಲವೂ ಕೆಂಪು. ಪಡಸಾಲೆಯ ಬಾಗಿಲನ್ನು ಪೂರ್ತಿ ತೆರೆದಿಟ್ಟು ಮೂರನೆಯ ಸಲ ಓಡಿದಾಗ ಹಸಿರು ಬೆಳಕು ನಿಂತಿತು. ಕೋಣೆಗೆ ಹೋಗಿ ಸ್ಟ್ರೀಮರ್ ಹಚ್ಚಿದೆ. ಶಹನಾಯಿ. ಮಷೀನು ತುಳಿದೆ, ಆದರೂ ಕೇಳಿಸಿತು.

ಅತ್ತಿಗೆ ಬಂದು ನೋಡಿದಳು. "ದೇವ್ರ ಕೋಣ್ಯಾಗ ಇದೇನವ್ವ ಮಿಣಮಿಣ ಅಂತತಿ?"

"ನಂದು. ಮೊಳಿ ಹೊಡದಿಲ್ಲ, ನೋಡ್ಕೋ."

ಅವಳು ಅಣ್ಣನನ್ನು ಕರೆದಳು. ಅಣ್ಣ ಬಾಗಿಲಲ್ಲಿ ನಿಂತು ಗೋಡೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಒಂದು ತೂತಿಲ್ಲ, ಒಂದು ವೈರಿಲ್ಲ. ಗಾಳಿಗೆ ಪಹಣಿ ಇರುವುದಿಲ್ಲ. ಕಿತ್ತು ಹಾಕೋಣವೆಂದರೆ ದೇವರ ಮುಂದಿಟ್ಟದ್ದನ್ನು ಮುಟ್ಟಲು ಅವನಿಗೆ ಕೈ ಬರಲಿಲ್ಲ, ಸ್ನಾನವೂ ಆಗಿರಲಿಲ್ಲ. "ಸಹಿದೇನು ಮಾಡ್ದಿ?" ಎಂದಷ್ಟೇ ಕೇಳಿದ. ಹಾಡಿನ ಮಾತಿಗೆ ಸಹಿಯ ಮಾತು ಜೋಡಿಸಿದ್ದು ಅವನೇ, ನಾನಲ್ಲ.

"ಓದಿ ಹೇಳ್ತೀನಿ" ಅಂದೆ. ಪತ್ರ ಇಸಕೊಂಡು ಓದಿದೆ. ನಾಲ್ಕು ಸಲ ಓದಿದೆ. ಹೊರಗೆ ಹಾಕುವುದಿಲ್ಲ ಎಂಬ ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ.

ಒಂದು ವಾರಕ್ಕೆ ಸರ್ವೆಯವರು ಅಳತೆಗೆ ಬಂದರು. ಬೆಳಗಿನಿಂದ ಅಣ್ಣನೇ ಟೇಪಿನ ಒಂದು ತುದಿ ಹಿಡಿದು ಮನೆಯೆಲ್ಲ ಓಡಾಡಿದ. ಎರಡೂ ಭಾಗ ಮುಗಿಸಿ ಹಿತ್ತಲಿಗೆ ಬಂದರು. ನನ್ನ ಕೋಣೆಯಲ್ಲಿ ಹಾಡು ನಡೆದಿತ್ತು.

"ಇದು ಯಾರ ಭಾಗಕ್ಕೆ ಬರ್ತದ್ರೀ?" ಎಂದರು ಸರ್ವೆಯವರು.

ಅಣ್ಣ ತಮ್ಮನ ಮುಖ ನೋಡಿದ. ತಮ್ಮ ನೆಲ ನೋಡಿದ. "ತಂಗಿ ಇರ್ತಾಳ ರೀ, ಅಷ್ಟ" ಎಂದ ಅಣ್ಣ.

ಮಷೀನು ಬಿಟ್ಟು ಎದ್ದು ಬಂದೆ. "ಇರೋದಲ್ಲ ರೀ, ಇದು ನಂದು. ಬಿಟ್ಟುಕೊಡೋ ಪತ್ರಕ್ಕ ನಾನು ಸಹಿ ಹಾಕಿಲ್ಲ, ಹಾಕಂಗೂ ಇಲ್ಲ. ಮನಿ ಮೂರು ಭಾಗ ಅಂತ ಬರಕೊಳ್ರಿ."

ಸರ್ವೆಯವರು ಅಣ್ಣನನ್ನು ನೋಡಿದರು, ನನ್ನನ್ನು ನೋಡಿದರು, ಪೆನ್ನಿನ ಮುಚ್ಚಳ ತೆಗೆದರು. "ತಕರಾರು ಐತಿ ಅಂತ ಬರಿತೀನಿ, ಅಳತಿ ಮಾಡ್ತೀನಿ. ಟೇಪ್ ಹಿಡೀರಿ ಯಾರಾದ್ರೂ" ಅಂದರು. ಅಣ್ಣ ಕೈಯಲ್ಲಿದ್ದ ತುದಿಯನ್ನು ನೆಲಕ್ಕೆ ಬಿಟ್ಟ.

ನಾನು ಬಗ್ಗಿ ಎತ್ತಿಕೊಂಡು, ಒಳಗೆ ಹೋಗಿ, ಗೋಡೆಯ ಮೂಲೆಗೆ ಒತ್ತಿ ಹಿಡಿದೆ. ಸರ್ವೆಯವರು ಆಚೆ ತುದಿಯಿಂದ ಅಳತೆ ಹೇಳಿದರು. ಕೇಳಿಸಿತ್ತು, ಆದರೂ ಹಾಡು ನಿಲ್ಲಿಸಿ, ಇನ್ನೊಮ್ಮೆ ಜೋರಾಗಿ ಹೇಳ್ರಿ ಅಂದೆ.